ತೂಗದ ದೊಡ್ಡಮ್ಮ, ತೂಗಿಸಿಕೊಂಡ ಅಮ್ಮ

“ದೊಡ್ಡಮ್ಮ, ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ?”

“ತಕ್ಕಡೀಲಿ ಹಾಕಿ ತೂಗೋಕೆ ನಾನೇನು ಬೆಲ್ಲದಚ್ಚೇನೇ?” ಅಂದರು ದೊಡ್ಡಮ್ಮ.

ಅವರ ಕೈಯಲ್ಲಿ ಮಾತ್ರೆ ಡಬ್ಬಿ ಇತ್ತು. ಬೆಳಿಗ್ಗೆ ಮೂರು, ಮಧ್ಯಾಹ್ನ ಒಂದು, ರಾತ್ರಿ ನಾಲ್ಕು. ಶುಗರ್ ಬಂದು ಮೂವತ್ತು ವರ್ಷ ದಾಟಿದೆ. ಬಿಪಿ ಅದರ ಬೆನ್ನಿಗೇ ಬಂತು. ಆಮೇಲೆ ಎದೆಯೊಳಗೆ ಒಂದು ಸ್ಟೆಂಟ್. “ನಾನು ಸಿಹಿ ಮುಟ್ಟಿದೋಳಲ್ಲ, ಮೈ ಬಂದೋಳಲ್ಲ, ಒಂದು ದಿನ ಸುಮ್ನೆ ಕೂತೋಳಲ್ಲ. ನನಗ್ಯಾಕೆ ಇದೆಲ್ಲ?” ಇದು ಅವರ ಹಳೇ ಪ್ರಶ್ನೆ. ನಾವೆಲ್ಲ ಕೇಳಿಸಿಕೊಂಡು ಸುಮ್ಮನಾಗುತ್ತೇವೆ. ಉತ್ತರ ಇರೋ ಪ್ರಶ್ನೆ ಅದು ಅಂತ ನನಗೂ ಅನ್ನಿಸಿರಲಿಲ್ಲ.

ದೊಡ್ಡಮ್ಮ ಹುಟ್ಟಿದ್ದು 1944ರಲ್ಲಿ, ನಂಜನಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ, ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಅದಾದ ಮೇಲೆ ಅಜ್ಜಿಗೆ ಇನ್ನೊಂದು ಹೆರಿಗೆ ಆಯಿತು. ಎರಡು ದಿನ ಒದ್ದಾಡಿದರಂತೆ. ಮಗು ಉಳಿಯಲಿಲ್ಲ, ಅಜ್ಜಿ ಉಳಿದಿದ್ದೇ ಹೆಚ್ಚು. ಹಾಗಾಗಿ 1951ರಲ್ಲಿ ಮತ್ತೆ ಬಸುರಿಯಾದಾಗ ತಾತ ಹಟ ಹಿಡಿದು ಅವರನ್ನು ರೈಲು ಹತ್ತಿಸಿ ಮೈಸೂರಿಗೆ ಕರೆತಂದರು. ನೆಂಟರ ಮನೆಯಲ್ಲಿ ಒಂದು ತಿಂಗಳು ಇರಿಸಿದರು. ನನ್ನ ಅಮ್ಮ ಹುಟ್ಟಿದ್ದು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ.

ಕಾಗದದ ಮೇಲೆ ಅದು ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮಿಷನರಿಗಳು ಶುರು ಮಾಡಿದ್ದು. ಮೈಸೂರಿನ ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಷ್ಟೇ. ಅಲ್ಲಿ ಹೆರಿಗೆಯಾದರೆ ಮಗುವನ್ನು ತೂಗುತ್ತಿದ್ದರು. ತೂಕ ಎಷ್ಟು ಪೌಂಡು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ಎಲ್ಲವೂ ರಿಜಿಸ್ಟರಿಗೆ ಹೋಗುತ್ತಿತ್ತು. ತಾಯಿಯ ತೂಕ, ಸೊಂಟದ ಮೂಳೆಯ ಅಳತೆ ಕೂಡ. 1934ರಿಂದ ಆ ದಾಖಲೆಗಳು ಉಳಿದಿವೆ. ಬರೆದಿಟ್ಟವರಿಗೆ ಅದು ದಿನದ ಕೆಲಸ. ಯಾರ ಸೊಂಟ ಚಿಕ್ಕದು, ಯಾರಿಗೆ ಹೆರಿಗೆ ಕಷ್ಟ ಆಗಬಹುದು ಅಂತ ತಿಳಿಯೋದಕ್ಕೆ. ಅರವತ್ತು ವರ್ಷ ಆದ ಮೇಲೆ ಆ ಪುಟಗಳನ್ನು ಬೇರೆಯವರು ಬಂದು ತೆರೆಯುತ್ತಾರೆ ಅಂತ ಅವರು ಕನಸಲ್ಲೂ ಎಣಿಸಿರಲಾರರು.

ಹಾಗೆ ತೆರೆದವರ ಕತೆ ಇಂಗ್ಲೆಂಡಿನಿಂದ ಶುರುವಾಗುತ್ತದೆ.

ಡೇವಿಡ್ ಬಾರ್ಕರ್ ಅಂತ ಸೌತಾಂಪ್ಟನ್ನಿನ ಒಬ್ಬ ವೈದ್ಯ. ಅವರಿಗೆ ಒಂದು ವಿಷಯ ಒಗಟಾಗಿತ್ತು. ಹಾರ್ಟ್ ಅಟ್ಯಾಕ್ ಅಂದರೆ ಉಂಡುಟ್ಟು ಸುಖವಾಗಿರೋರ ಕಾಯಿಲೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದರಿಂದ ಜಾಸ್ತಿ ಜನ ಸಾಯುತ್ತಿದ್ದುದು ಬಡ ಊರುಗಳಲ್ಲಿ. 1986ರಲ್ಲಿ ಅವರು ಮತ್ತು ಅಂಕಿಅಂಶ ತಜ್ಞ ಕ್ಲೈವ್ ಆಸ್ಮಂಡ್ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು, 1968ರಿಂದ 78ರವರೆಗೆ ಹೃದಯದ ಕಾಯಿಲೆಯಿಂದ ಸತ್ತವರದು. ಇನ್ನೊಂದು, 1921ರಿಂದ 25ರವರೆಗೆ ಸತ್ತ ಹಸುಗೂಸುಗಳದು. ಹೆಚ್ಚುಕಡಿಮೆ ಎರಡೂ ಒಂದೇ ನಕ್ಷೆ. ಐವತ್ತು ವರ್ಷದ ಹಿಂದೆ ಎಲ್ಲಿ ಕೂಸುಗಳು ಉಳಿಯುತ್ತಿರಲಿಲ್ಲವೋ, ಅಲ್ಲೇ ಬದುಕಿ ಉಳಿದವರು ದೊಡ್ಡವರಾಗಿ ಹೃದಯ ನಿಂತು ಸಾಯುತ್ತಿದ್ದರು.

ನಕ್ಷೆಯಿಂದ ಊರಿನ ಸುದ್ದಿ ಗೊತ್ತಾಗುತ್ತೆ, ಆಳಿನ ಸುದ್ದಿ ಗೊತ್ತಾಗಲ್ಲ. ಬಾರ್ಕರ್‌ಗೆ ಒಬ್ಬೊಬ್ಬ ಮಗುವಿನ ಹೆಸರು, ತೂಕ ಬೇಕಿತ್ತು. ಬ್ರಿಟನ್ನಿನ ದಾಖಲೆ ಕೋಣೆಗಳನ್ನೆಲ್ಲ ಹುಡುಕಿಸಿದರು. ಹರ್ಟ್‌ಫರ್ಡ್‌ಶೈರ್ ಅನ್ನೋ ಜಿಲ್ಲೆಯಲ್ಲಿ ಸಿಕ್ಕಿತು. ಅಲ್ಲಿ 1911ರಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅನ್ನೋ ಹೆಂಗಸು ಒಂದು ಏರ್ಪಾಡು ಮಾಡಿದ್ದರು. ಸೈನ್ಯಕ್ಕೆ ಸೇರಲು ಬಂದ ಹುಡುಗರು ಪೀಚಾಗಿದ್ದಾರೆ ಅಂತ ಇಡೀ ಇಂಗ್ಲೆಂಡ್ ಚಿಂತೆ ಮಾಡುತ್ತಿದ್ದ ದಿನಗಳವು. ಸೂಲಗಿತ್ತಿಯರು ಪ್ರತಿ ಮಗುವಿನ ತೂಕ ಬರೆಯಬೇಕು. ಆಮೇಲೆ ಆರೋಗ್ಯ ಸಹಾಯಕಿಯರು ಮನೆಮನೆಗೆ ಹೋಗಿ, ಒಂದು ವರ್ಷ ತುಂಬಿದಾಗ ಇನ್ನೊಮ್ಮೆ ತೂಗಬೇಕು. ಎದೆಹಾಲು ಕುಡಿಯಿತೋ ಬಾಟಲಿ ಹಾಲೋ, ಎಷ್ಟು ಹಲ್ಲು ಬಂದಿವೆ, ಅದನ್ನೂ ಬರೆಯಬೇಕು. 1948ರವರೆಗೆ ಇದು ನಡೆಯಿತು.

1989ರಲ್ಲಿ ಫಲಿತಾಂಶ ಬಂತು. 1911ರಿಂದ 1930ರೊಳಗೆ ಅಲ್ಲಿ ಹುಟ್ಟಿದ 5,654 ಗಂಡಸರ ಲೆಕ್ಕ. ಇಡೀ ದೇಶದಲ್ಲಿ ಹೃದಯದ ಕಾಯಿಲೆಯಿಂದ ಸಾಯುವ ಮಟ್ಟವನ್ನು 100 ಅಂತ ಇಟ್ಟುಕೊಂಡರೆ, ಒಂದು ವರ್ಷಕ್ಕೆ 18 ಪೌಂಡ್ ಅಥವಾ ಅದಕ್ಕಿಂತ ಕಮ್ಮಿ ತೂಗಿದವರಲ್ಲಿ ಅದು 111. 27 ಪೌಂಡ್ ದಾಟಿದವರಲ್ಲಿ 42. ಒಂದು ವರ್ಷದ ಕೂಸಿನ ತೂಕ ನೋಡಿ ಅರವತ್ತು ವರ್ಷದ ಮುದುಕನ ಹೃದಯದ ಬಗ್ಗೆ ಏನಾದರೂ ಹೇಳಬಹುದು ಅಂದರೆ ಯಾರು ನಂಬುತ್ತಾರೆ? ತುಂಬಾ ಜನ ನಂಬಲಿಲ್ಲ.

ಅದೇ ಗುಂಪಿನವರು 1990ರ ದಶಕದಲ್ಲಿ ಮೈಸೂರಿಗೆ ಬಂದರು. ಹರ್ಟ್‌ಫರ್ಡ್‌ಶೈರ್ ಹೆಸರು ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಆದರೆ ಅಮ್ಮ ಹುಟ್ಟಿದ ಆಸ್ಪತ್ರೆ, ಅಮ್ಮ ಹುಟ್ಟಿದ ವರ್ಷ ಕಣ್ಣಿಗೆ ಬಿದ್ದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಆ ಗುಂಪಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಯವರು ಇಲ್ಲಿ ಮಾಡಿದ ಕೆಲಸ ಸುಲಭದ್ದಲ್ಲ. ಇಂಗ್ಲೆಂಡಿನಲ್ಲಿ ಯಾರು ಎಲ್ಲಿ ಸತ್ತರು ಅನ್ನೋದಕ್ಕೆ ಒಂದು ಸರ್ಕಾರಿ ಪಟ್ಟಿ ಇದೆ, ಹೆಸರು ಕೊಟ್ಟರೆ ಉತ್ತರ ಸಿಗುತ್ತೆ. ನಮ್ಮಲ್ಲಿ? ಹುಟ್ಟಿದ ತಾರೀಖೇ ಗೊತ್ತಿರೋದಿಲ್ಲ. ನನ್ನ ಮನೆಯಲ್ಲೇ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಒಂದು, ಜಾತಕದ್ದು ಇನ್ನೊಂದು. ರಿಜಿಸ್ಟರಿನಲ್ಲಿ ಮಗುವಿನ ಹೆಸರು ಇರುವುದೂ ಕಷ್ಟ, ನಾಮಕರಣ ಆಗೋದೇ ಆಮೇಲೆ ಅಲ್ವಾ. ಹಾಗಾಗಿ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, ಅಲ್ಲಿ ಹುಟ್ಟಿದವರು ಯಾರಿದ್ದೀರಿ ಅಂತ ಕೇಳಿ, ಅಪ್ಪ ಅಮ್ಮನ ಹೆಸರು ಹಿಡಿದು ರಿಜಿಸ್ಟರಿನ ಸಾಲಿಗೆ ಹೊಂದಿಸಬೇಕಾಯಿತು. ನಮ್ಮ ಮನೆಗೆ ಯಾರೂ ಬರಲಿಲ್ಲ. ಅಮ್ಮ ಅಷ್ಟರಲ್ಲಿ ಮದುವೆಯಾಗಿ ಊರಿನ ಇನ್ನೊಂದು ಕೊನೆಗೆ ಹೋಗಿ ಎಷ್ಟೋ ವರ್ಷ ಆಗಿತ್ತು.

ಹೀಗೆ ಸಿಕ್ಕವರಲ್ಲಿ, 1934ರಿಂದ 1954ರೊಳಗೆ ಹುಟ್ಟಿದ 517 ಗಂಡಸರು ಹೆಂಗಸರನ್ನು ಪರೀಕ್ಷೆ ಮಾಡಿದರು. ಎದೆನೋವು ಇದೆಯಾ ಅಂತ ಕೇಳಿದರು, ಇಸಿಜಿ ತೆಗೆದರು. 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. 3.1 ಕೆಜಿ ದಾಟಿದವರಲ್ಲಿ ನೂರಕ್ಕೆ 3. ತಾಯಿಯ ತೂಕ ಕಮ್ಮಿ ಇದ್ದಲ್ಲೂ ಕಾಯಿಲೆ ಜಾಸ್ತಿ.

ಕಾರಣ ಏನಿರಬಹುದು ಅಂತ ಬಾರ್ಕರ್ ಹೇಳಿದ್ದನ್ನ ನಾನು ಅಡುಗೆಮನೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಹಿಟ್ಟು ಕಮ್ಮಿ ಇದೆ, ಉಣ್ಣೋರು ಜಾಸ್ತಿ ಇದ್ದಾರೆ. ಮನೆಯಾಕೆ ಯಾರಿಗೆ ದೊಡ್ಡ ಮುದ್ದೆ, ಯಾರಿಗೆ ಚಿಕ್ಕದು ಅಂತ ನೋಡಿ ಕಟ್ಟುತ್ತಾಳೆ. ಹೊಟ್ಟೆಯೊಳಗಿನ ಮಗುವಿನ ಮೈಯೂ ಹಾಗೇ. ಮೊದಲು ಮಿದುಳಿಗೆ ಬಡಿಸುತ್ತದೆ. ಮೂತ್ರಪಿಂಡ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ, ಸ್ನಾಯು ಇವೆಲ್ಲ ಕೊನೇ ಪಂಕ್ತಿ. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್‌ಗಳು ಎಷ್ಟಿರಬೇಕು ಅನ್ನೋದು ಹುಟ್ಟುವ ಹೊತ್ತಿಗೇ ತೀರ್ಮಾನ ಆಗಿರುತ್ತದೆ. ಆಮೇಲೆ ಎಷ್ಟು ತುಪ್ಪ ತಿಂದರೂ ಹೊಸದು ಹುಟ್ಟುವುದಿಲ್ಲ. ಇರೋದರಲ್ಲೇ ಎಂಬತ್ತು ವರ್ಷ ದೂಡಬೇಕು. ಇಪ್ಪತ್ತು, ಮೂವತ್ತರಲ್ಲಿ ಕೊರತೆ ಗೊತ್ತೇ ಆಗಲ್ಲ. ವಯಸ್ಸಾದ ಮೇಲೆ ಗೊತ್ತಾಗುತ್ತೆ.

ಆದರೆ ಮೈಸೂರು ಇಂಗ್ಲೆಂಡಿನ ಪಾಠವನ್ನು ಹಾಗೇ ಒಪ್ಪಿಸಲಿಲ್ಲ. ನನಗೆ ಇಷ್ಟವಾದ ಭಾಗ ಇದೇ. ಹುಟ್ಟಿದಾಗ ಸಣ್ಣಗಿದ್ದವರಿಗೆ ಮುಂದೆ ಶುಗರ್ ಜಾಸ್ತಿ ಅಂತ ಇಂಗ್ಲೆಂಡಿನಲ್ಲಿ ಕಂಡಿತ್ತು. ಇಲ್ಲಿ 1998ರ ಲೆಕ್ಕದಲ್ಲಿ ಬೇರೇನೋ ಬಂತು. ಹುಟ್ಟಿದಾಗ ಗಿಡ್ಡಗಿದ್ದು, ಉದ್ದಕ್ಕೆ ಹೋಲಿಸಿದರೆ ಗುಂಡಗುಂಡಗೆ ಇದ್ದ ಮಕ್ಕಳಲ್ಲಿ ಶುಗರ್ ಜಾಸ್ತಿ. ಅವರ ತಾಯಂದಿರು ಸೊರಗಿದವರಲ್ಲ, ಮೈತುಂಬಿಕೊಂಡಿದ್ದವರು. ಹಾಗಾದರೆ ಬಸುರಿನಲ್ಲಿ ಆ ತಾಯಂದಿರಿಗೇ ಶುಗರ್ ಇತ್ತಾ? 1940ರಲ್ಲಿ ಅದನ್ನು ಯಾರು ನೋಡಿದ್ದರು! ಹಳೇ ರಿಜಿಸ್ಟರಿನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸದಾಗಿ ಗರ್ಭಿಣಿಯರನ್ನು ಸೇರಿಸಿಕೊಂಡು, ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ನೂರಕ್ಕೆ ಆರು ಜನಕ್ಕೆ ಬಸುರಿನ ಶುಗರ್ ಇತ್ತು. ಪಾರ್ಥೆನಾನ್ ಅಂತ ಆ ಅಧ್ಯಯನದ ಹೆಸರು. ಜಿ. ವಿ. ಕೃಷ್ಣವೇಣಿ ಅವರ ತಂಡ ಆ ಮಕ್ಕಳನ್ನು ಬೆಳೆಯುವಾಗಲೂ ಬಿಡದೆ ಅಳೆಯುತ್ತ ಬಂತು. ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು ಜಾಸ್ತಿ ಕಂಡಿತು.

ಪುಣೆಯಲ್ಲಿ ಡಾ. ಸಿ. ಎಸ್. ಯಾಜ್ಞಿಕ್ ಅವರು ಇದೇ ದಾರಿಯಲ್ಲಿ ಇನ್ನೊಂದು ಮಾತು ಹೇಳಿದ್ದಾರೆ. ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಸುಮಾರು ಮುಕ್ಕಾಲು ಕೆಜಿ ಹಗುರ, ಆದರೆ ಸಣ್ಣಗಾಗಿರೋದು ಸ್ನಾಯು. ಚರ್ಮದ ಕೆಳಗಿನ ಕೊಬ್ಬು ಹೆಚ್ಚುಕಡಿಮೆ ಹಾಗೇ ಇದೆ. ನೋಡೋಕೆ ಸಣಕಲು, ಒಳಗೆ ಕೊಬ್ಬು. “ಮೈ ಬಂದೋಳಲ್ಲ, ನನಗ್ಯಾಕೆ ಶುಗರ್” ಅನ್ನೋ ದೊಡ್ಡಮ್ಮನ ಮಾತು ಇಲ್ಲಿ ನನಗೆ ನೆನಪಾಗದೇ ಇರಲಿಲ್ಲ.

ಇಷ್ಟು ಓದಿಕೊಂಡು ನಾನು ದೊಡ್ಡಮ್ಮನ ಹತ್ತಿರ ಹೋಗಿ ಆ ತೂಕದ ಪ್ರಶ್ನೆ ಕೇಳಿದ್ದು. ಬೆಲ್ಲದಚ್ಚಿನ ಉತ್ತರ ಆದ ಮೇಲೆ ಅವರೇ ಮುಂದುವರಿಸಿದರು.

“ಚಿಕ್ಕೋಳೇ ಇದ್ನಂತೆ. ಅಂಗೈಲಿ ಹಿಡೀಬೋದಿತ್ತು ಅಂತ ನಿನ್ನಜ್ಜಿ ಹೇಳೋರು. ಬಸುರೀಲಿ ಅರೆಹೊಟ್ಟೆ ಉಂಡಿದ್ರು ಅಲ್ವಾ.”

“ಊಟಕ್ಕೆ ಇರಲಿಲ್ವಾ?”

“ಇತ್ತು ಕಣೇ! ಜಾಸ್ತಿ ಉಣ್ಬೇಡ ಅಂತ ಅವರತ್ತೆ ಹೇಳ್ತಿದ್ರು. ಮಗು ದಪ್ಪ ಆದ್ರೆ ಹೊರಗೆ ಬರಬೇಕಲ್ಲ.”

ನಗು ಬಂತು, ಮರುಕ್ಷಣವೇ ನಿಂತಿತು. ಈ ಮಾತು ನಮ್ಮ ಮನೆಯದೊಂದೇ ಅಲ್ಲ. ದಕ್ಷಿಣದ ಹಳ್ಳಿಗಳಲ್ಲಿ ಎಷ್ಟೋ ಕಡೆ ಬಸುರಿಯರಿಗೆ ಹೇಳುತ್ತಿದ್ದುದು ಇದನ್ನೇ. ಓದಿದವರು ಇದನ್ನ ಮೌಢ್ಯ ಅಂತ ತಳ್ಳಿಹಾಕಿಬಿಡುತ್ತೇವೆ. ಆದರೆ ಮುತ್ತಜ್ಜಿಯ ಜಾಗದಲ್ಲಿ ನಿಂತು ನೋಡಿ. ಚಿಕ್ಕಂದಿನಲ್ಲಿ ಸರಿಯಾಗಿ ಉಣ್ಣದೆ ಬೆಳೆದ ಸೊಸೆ, ಚಿಕ್ಕ ಸೊಂಟ. ಹತ್ತಿರದಲ್ಲಿ ಆಪರೇಷನ್ ಮಾಡೋರು ಯಾರೂ ಇಲ್ಲ. ಮಗು ಅಡ್ಡ ಸಿಕ್ಕಿಕೊಂಡರೆ ಎರಡು ಜೀವ ಹೋಗುತ್ತೆ. ಅವರು ಕಣ್ಣೆದುರಿನ ಸಾವನ್ನು ತಪ್ಪಿಸೋಕೆ ಹೊರಟಿದ್ದರು. ಎಂಬತ್ತನೇ ವಯಸ್ಸಿನ ಶುಗರ್ ಬಗ್ಗೆ ಯೋಚನೆ ಮಾಡೋಕೆ ಮೊದಲು ಎಂಬತ್ತರ ತನಕ ಬದುಕುತ್ತಾರೆ ಅನ್ನೋ ನಂಬಿಕೆ ಬೇಕಲ್ಲ. ಮಿಷನ್ ಆಸ್ಪತ್ರೆಯವರು ತಾಯಂದಿರ ಸೊಂಟ ಅಳೆಯುತ್ತಿದ್ದುದೂ ಇದೇ ಭಯಕ್ಕೆ. ಒಬ್ಬರ ಕೈಯಲ್ಲಿ ಅಳತೆಯ ಸಲಕರಣೆ ಇತ್ತು, ಇನ್ನೊಬ್ಬರ ಕೈಯಲ್ಲಿ ಅನ್ನದ ಸೌಟು.

ಈಗ ಒಂದು ಅನುಮಾನ. 1940ರ ದಶಕದಲ್ಲಿ ಆಸ್ಪತ್ರೆಯಲ್ಲಿ ಹೆರುತ್ತಿದ್ದವರು ಯಾರು? ಪೇಟೆಯವರು, ಆಸ್ಪತ್ರೆಯ ಹತ್ತಿರದವರು, ಅಥವಾ ನನ್ನಜ್ಜಿಯ ಹಾಗೆ ಒಮ್ಮೆ ಸಾವಿನ ಬಾಗಿಲು ನೋಡಿ ಬಂದವರು. ದೊಡ್ಡಮ್ಮನಂಥವರು ಲೆಕ್ಕಕ್ಕೇ ಸಿಗಲಿಲ್ಲ. ರಿಜಿಸ್ಟರಿನಲ್ಲಿ ಇದ್ದವರಲ್ಲೂ ನಲವತ್ತು ದಾಟುವ ಮೊದಲೇ ಹೋದವರು, ಊರು ಬಿಟ್ಟವರು ಕೈತಪ್ಪಿದರು. 517 ದೊಡ್ಡ ಸಂಖ್ಯೆ ಏನಲ್ಲ. ಇನ್ನೊಂದು ತಕರಾರೂ ಹಳೆಯದು: ಬಡತನದಲ್ಲಿ ಹಗುರಾಗಿ ಹುಟ್ಟಿದವರು ಬೆಳೆದದ್ದೂ ಬಡತನದಲ್ಲೇ, ದುಡಿದದ್ದೂ ಹೊಗೆ ಧೂಳಿನಲ್ಲೇ. ತಪ್ಪು ಹೊಟ್ಟೆಯೊಳಗಿನ ಒಂಬತ್ತು ತಿಂಗಳದೋ, ಆಮೇಲಿನ ಅರವತ್ತು ವರ್ಷದ್ದೋ?

ಅದನ್ನು ಬಿಡಿಸಿ ತೋರಿಸೋಕೆ ಯಾರೂ ಬೇಕಂತಲೇ ಬಸುರಿಯರನ್ನು ಉಪವಾಸ ಕೆಡವಲಾರರು. ಯುದ್ಧ ಆ ಕೆಲಸ ಮಾಡಿತು. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಜರ್ಮನರು ಆಹಾರ ಹೋಗದಂತೆ ಮಾಡಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗೆ ಇಳಿಯಿತು. ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಬಡವರು ಬಲ್ಲಿದರು ಅನ್ನೋ ವ್ಯತ್ಯಾಸ ಅಲ್ಲಿ ಹೆಚ್ಚು ಉಳಿಯಲಿಲ್ಲ, ಊರಿಗೆ ಊರೇ ಹಸಿಯಿತು. ಮೇ ತಿಂಗಳಲ್ಲಿ ಯುದ್ಧ ಮುಗಿಯಿತು, ಊಟ ಬಂತು. ಅಲ್ಲಿನ ಆಸ್ಪತ್ರೆಯಲ್ಲೂ ರಿಜಿಸ್ಟರ್ ಇತ್ತು, ಪುಣ್ಯ. ಬಸುರಿನ ಮೊದಲ ತಿಂಗಳುಗಳಲ್ಲಿ ಹಸಿವು ಕಂಡು, ಆಮೇಲೆ ಊಟ ಸಿಕ್ಕ ತಾಯಂದಿರ ಮಕ್ಕಳು ಹುಟ್ಟುವಾಗ ಸರಿಯಾದ ತೂಕದಲ್ಲೇ ಇದ್ದರು. ಆದರೂ ಐವತ್ತರ ವಯಸ್ಸಿಗೆ ಅವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ತಕ್ಕಡಿಗೂ ಎಲ್ಲವೂ ಸಿಗೋದಿಲ್ಲ ಅಂತ ಆಯಿತು.

ಬ್ರಿಟನ್ನಿನವರು ಮಾತ್ರ ಈ ವಿಷಯದಲ್ಲಿ ಅದೃಷ್ಟವಂತರು, ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತೆ. 1946ರ ಮಾರ್ಚ್‌ನ ಒಂದೇ ವಾರದಲ್ಲಿ ಹೆತ್ತ 13,687 ತಾಯಂದಿರನ್ನು ಅಲ್ಲಿ ಮಾತಾಡಿಸಿದರು. ಅವರ ಮಕ್ಕಳಲ್ಲಿ 5,362 ಜನರನ್ನು ಆರಿಸಿಕೊಂಡು, ಬದುಕಿರುವವರನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಹುಟ್ಟುಹಬ್ಬಕ್ಕೆ ಕಾರ್ಡ್ ಕಳಿಸುತ್ತಾರಂತೆ. ಹುಟ್ಟಿದಾಗ ತೂಕ ಚೆನ್ನಾಗಿದ್ದವರಿಗೆ ಐವತ್ತಮೂರರಲ್ಲಿ ಕೈಹಿಡಿತ ಗಟ್ಟಿ ಅಂತ ಅದರಿಂದಲೇ ಗೊತ್ತಾದದ್ದು. ಸ್ಕಾಟ್‌ಲೆಂಡಿನದು ಇನ್ನೂ ಚೆಂದ. 1932ರ ಜೂನ್ 1ರಂದು ದೇಶದ ಹನ್ನೊಂದು ವರ್ಷದ ಮಕ್ಕಳಿಗೆಲ್ಲ, 87,498 ಮಕ್ಕಳಿಗೆ, ಒಂದೇ ಬುದ್ಧಿ ಪರೀಕ್ಷೆ ಕೊಟ್ಟಿದ್ದರು. ಆ ಪುಸ್ತಕಗಳು ಮರೆತುಹೋಗಿದ್ದವು. ಇಯನ್ ಡಿಯರಿ ಮತ್ತು ಲಾರೆನ್ಸ್ ವಾಲಿ ಅನ್ನೋರು ಹುಡುಕಿ ತೆಗೆದರು. ಸರಿಯಾಗಿ 66 ವರ್ಷ ಆದ ದಿನ, 1998ರ ಜೂನ್ 1ರಂದು, ಆಬರ್ಡೀನಿನ ಒಂದು ಸಭಾಂಗಣದಲ್ಲಿ ಎಪ್ಪತ್ತೇಳರ ಮುದುಕ ಮುದುಕಿಯರನ್ನು ಕೂರಿಸಿ ಅದೇ ಪ್ರಶ್ನೆಪತ್ರಿಕೆ ಕೊಟ್ಟರು! ಹನ್ನೊಂದರಲ್ಲಿ ಮುಂದಿದ್ದವರು ಹೆಚ್ಚಿನಂಶ ಆಗಲೂ ಮುಂದಿದ್ದರು. ಬದುಕಿ ಉಳಿದವರಲ್ಲೂ ಅವರದೇ ಪಾಲು ಜಾಸ್ತಿ.

ನಮ್ಮಲ್ಲಿ ಈಗ ಕೆಲಸ ಶುರುವಾಗಿದೆ. ಮೈಸೂರಿನ ಅದೇ ಹಳೇ ರಿಜಿಸ್ಟರಿನವರನ್ನು ಡಾ. ಮುರಳಿ ಕೃಷ್ಣ ಅವರ ತಂಡ ಮತ್ತೆ ಹುಡುಕಿ, ವಯಸ್ಸಾದ ಮೇಲೆ ಅವರ ನೆನಪಿನ ಶಕ್ತಿ, ಮನಸ್ಸಿನ ಆರೋಗ್ಯ ಹೇಗಿದೆ ಅಂತ ನೋಡಿತು. ಅಧ್ಯಯನದ ಇಂಗ್ಲಿಷ್ ಹೆಸರನ್ನು ಚುಟುಕು ಮಾಡಿದರೆ ‘ಮೈನಾ’ ಆಗುತ್ತೆ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ, ಮರೆವಿನ ಕಾಯಿಲೆ ಯಾರಿಗೆ ಯಾಕೆ ಬರುತ್ತೆ ಅಂತ ತಿಳಿಯಲು. ದೇಶದ ಮಟ್ಟದಲ್ಲಿ 2017-18ರಲ್ಲಿ 45 ದಾಟಿದವರು, ಅವರ ಗಂಡ ಹೆಂಡಿರು ಸೇರಿ 72,000ಕ್ಕೂ ಹೆಚ್ಚು ಜನರ ಸಮೀಕ್ಷೆ ಆಯಿತು. ಒಳ್ಳೆಯದೇ. ಆದರೆ ನಲವತ್ತೈದರಲ್ಲಿ ಶುರು ಮಾಡಿದರೆ ಬಾಲ್ಯವನ್ನು ನೆನಪಿನಿಂದಲೇ ಕೇಳಬೇಕು. ನೀವು ಚಿಕ್ಕವರಿದ್ದಾಗ ಮನೆ ಪರಿಸ್ಥಿತಿ ಹೇಗಿತ್ತು, ಆರೋಗ್ಯ ಹೇಗಿತ್ತು, ಹೀಗೆ.

ಅದರ ಕಷ್ಟ ನನಗೆ ಚೆನ್ನಾಗಿ ಗೊತ್ತು. ದೊಡ್ಡಮ್ಮನನ್ನು ಅದೇ ಪ್ರಶ್ನೆ ಕೇಳಿದೆ.

“ನಮಗೇನು ಕಮ್ಮಿ ಇರ್ಲಿಲ್ಲ ಕಣೇ. ಚೆನ್ನಾಗೇ ಇದ್ವಿ.”

ಅರ್ಧ ಗಂಟೆ ಆದ ಮೇಲೆ, ಬೇರೇನೋ ಮಾತಿಗೆ, ಅವರೇ ಹೇಳಿದರು. ರಾತ್ರಿ ಗಂಡಸರು, ಆಮೇಲೆ ಗಂಡುಮಕ್ಕಳು, ಕೊನೆಗೆ ಹೆಣ್ಣುಮಕ್ಕಳು. ಕೊನೇ ಪಂಕ್ತಿಗೆ ಸಾರು ತಳದಲ್ಲಿರುತ್ತಿತ್ತು. ಒಂದು ಮುದ್ದೆಯನ್ನು ದಾರದಲ್ಲಿ ಎರಡು ಮಾಡಿ ಇವರೂ ಇವರ ಚಿಕ್ಕಮ್ಮನೂ ಹಂಚಿಕೊಳ್ಳುತ್ತಿದ್ದರು. ಹೇಳುವಾಗ ಮುಖದಲ್ಲಿ ದುಃಖ ಏನೂ ಇರಲಿಲ್ಲ, ಆಟದ ಕತೆ ಹೇಳಿದ ಹಾಗೆ ಹೇಳಿದರು. ಸಮೀಕ್ಷೆಯ ಹುಡುಗಿ ಬಂದಿದ್ದರೆ “ಪರಿಸ್ಥಿತಿ ಚೆನ್ನಾಗಿತ್ತು” ಅನ್ನೋ ಚೌಕಕ್ಕೆ ಗುರುತು ಹಾಕಿಕೊಂಡು ಹೋಗಿರುತ್ತಿದ್ದಳು. ಅವಳ ತಪ್ಪೇನಿಲ್ಲ.

ಅಕ್ಕತಂಗಿಯರ ಲೆಕ್ಕ ಹಾಕೋಕೆ ಹೋಗಿ ಸೋತಿದ್ದೇನೆ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಅಮ್ಮನಿಗೂ ಶುಗರ್ ಇದೆ. ಹೃದಯ ಮಾತ್ರ ಗಟ್ಟಿ. ಅವರು ಓದಿದರು, ಕೆಲಸಕ್ಕೆ ಹೋದರು, ಪೆನ್ಷನ್ ಬರುತ್ತೆ. ದೊಡ್ಡಮ್ಮನನ್ನು ಹದಿನೈದಕ್ಕೆ ಮದುವೆ ಮಾಡಿದರು. ಇಬ್ಬರ ನಡುವೆ ಏಳು ವರ್ಷ, ಆದರೆ ಎರಡು ಕಾಲದವರು. ಅಮ್ಮ ಹುಟ್ಟಿದಾಗಿನ ತೂಕ ಆ ರಿಜಿಸ್ಟರಿನ ಯಾವುದೋ ಪುಟದಲ್ಲಿ ಇರಬೇಕು. ಹೋಗಿ ಕೇಳೋಣ ಅನ್ನಿಸಿತ್ತು, ಕೇಳಿಲ್ಲ. ಗೊತ್ತಾಗಿ ಏನು ಮಾಡಲಿ? ಇಬ್ಬರಲ್ಲಿ ಒಬ್ಬರನ್ನೂ ವಿವರಿಸೋದಕ್ಕೆ ಆಗದ ಲೆಕ್ಕ ಅದು. ಐನೂರು, ಐದು ಸಾವಿರ ಜನರನ್ನು ಒಟ್ಟಿಗೆ ನಿಲ್ಲಿಸಿದಾಗ ಮಾತ್ರ ಅದು ಬಾಯಿ ಬಿಡುತ್ತದೆ.

ಕಳೆದ ತಿಂಗಳು ದೊಡ್ಡಮ್ಮನ ಮೊಮ್ಮಗಳಿಗೆ ಹೆರಿಗೆ ಆಯಿತು, ಹೆಣ್ಣು. ಬಾಣಂತನ ಇವರ ಮನೆಯಲ್ಲೇ. ನೋಡೋಕೆ ಹೋದಾಗ ಮಂಚದ ಮೇಲೆ ತಾಯಿ ಕಾರ್ಡ್ ಬಿದ್ದಿತ್ತು. ಸುಮ್ನೆ ತೆಗೆದು ನೋಡಿದೆ. ಬಸುರಿನ ಪ್ರತಿ ಭೇಟಿಯಲ್ಲೂ ಹಿಮೋಗ್ಲೋಬಿನ್, ಬಿಪಿ, ತಾಯಿಯ ತೂಕ. ಒಂದೆರಡು ಸಾಲು ಖಾಲಿ. ಕೊನೆಗೆ ಮಗುವಿನದು, ನೀಲಿ ಇಂಕಿನಲ್ಲಿ, 2.7 ಕೆಜಿ.

“ಎಷ್ಟಂತೆ?” ಅಂದರು ದೊಡ್ಡಮ್ಮ.

ಹೇಳಿದೆ.

“ಅದು ಪೌಂಡಲ್ಲಿ ಎಷ್ಟಾಗುತ್ತೆ? ನಿಮ್ಮಮ್ಮ ಹುಟ್ಟಿದಾಗ ನಮ್ಮಪ್ಪ ಪೌಂಡಲ್ಲಿ ಹೇಳಿದ್ರು. ಆಸ್ಪತ್ರೆಯಿಂದ ಬಂದು ಬೀದಿಗೆಲ್ಲ ಹೇಳ್ಕೊಂಡು ತಿರುಗಿದ್ರು.”

“ಎಷ್ಟು ಅಂತ ಹೇಳಿದ್ರು ದೊಡ್ಡಮ್ಮ? ಜ್ಞಾಪಕ ಇದೆಯಾ?”

ಅವರು ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸುತ್ತಿದ್ದರು. “ಏಳು ವರ್ಷದೋಳು ನಾನು. ಪೌಂಡು ಅಂದ್ರೆ ಬ್ರೆಡ್ಡು ಅಂದ್ಕೊಂಡಿದ್ದೆ. ಅಪ್ಪ ತರ್ತಾರೆ ಅಂತ ಬಾಗಿಲಲ್ಲೇ ಕಾಯ್ತಿದ್ದೆ.”